ನಾಯಿಗೆ ಕೆಲಸ ಇಲ್ಲ, ನಿಲ್ಲೋಕೆ ಪುರುಸೊತ್ತಿಲ್ಲ: ಹಂಗಾದ್ರೆ ಅದು ಮಾಡ್ತಿರೋದಾದ್ರೂ ಏನು?

ನಮ್ಮನೆ ಗುಂಡನಿಗೆ ಸ್ನಾನ ಮಾಡ್ಸೋದು ಅಂದ್ರೆ ಎರಡು ಕೆಲಸ. ಮೊದಲ್ನೇದು ಅವನನ್ನ ಬಾತ್‌ರೂಮಿಗೆ ಎಳ್ಕೊಂಡು ಹೋಗೋದು, ಎರಡ್ನೇದು ಮನೇಲಿರೋ ಒಡೆಯೋ ಸಾಮಾನನ್ನೆಲ್ಲ ಮೇಲೆತ್ತಿ ಇಡೋದು. ಸ್ನಾನ ಮುಗ್ಸಿ ಬಾಗಿಲು ತೆಗೆದಿದ್ದೇ ತಡ, ಕುಂಡಿನ ನೆಲಕ್ಕೆ ತಾಗೋ ಹಂಗೆ ತಗ್ಗಿಸ್ಕೊಂಡು, ಕಿವಿ ಹಿಂದಕ್ಕೆ ಮಡಚ್ಕೊಂಡು, ಹಾಲ್‌ನಿಂದ ರೂಮಿಗೆ, ರೂಮಿಂದ ಸೋಫಾ ಮೇಲಕ್ಕೆ, ಸೋಫಾದಿಂದ ಹಾರಿ ಡೈನಿಂಗ್ ಟೇಬಲ್ ಕೆಳಗೆ ನುಗ್ಗಿ, ಟೈಲ್ಸ್ ಮೇಲೆ ಜಾರಿ ಗೋಡೆಗೆ ಡಿಕ್ಕಿ ಹೊಡ್ದು, ಹಿಂದೆ ಯಾರೋ ದೊಣ್ಣೆ ಹಿಡ್ಕೊಂಡು ಬರ್ತಿದಾರೇನೋ ಅನ್ನೋ ಥರ ಓಡ್ತಾನೆ. ಎರಡು ನಿಮಿಷ, ಅಷ್ಟೇ. ಆಮೇಲೆ ಧೊಪ್ ಅಂತ ಬಿದ್ಕೊಂಡು ನಾಲಿಗೆ ಹೊರಗೆ ಹಾಕಿ, ನಿಮಗೇನಾಯ್ತು ಯಾಕೆ ಹಂಗೆ ನಿಂತಿದೀರಿ ಅನ್ನೋ ಹಂಗೆ ನಮ್ಮನ್ನೇ ನೋಡ್ತಾನೆ.

ಇದಕ್ಕೆ ಆನ್‌ಲೈನ್‌ನಲ್ಲಿ ಎಲ್ರೂ ಝೂಮೀಸ್ ಅಂತಾರೆ, ಪ್ರಾಣಿಗಳ ವರ್ತನೆ ಬಗ್ಗೆ ಓದ್ಕೊಂಡಿರೋರು ಫ್ರಾಪ್ ಅಂತಾರೆ, ಫ್ರೆನೆಟಿಕ್ ರ‍್ಯಾಂಡಮ್ ಆಕ್ಟಿವಿಟಿ ಪೀರಿಯಡ್ ಅಂತ ಅದರ ಪೂರ್ತಿ ಹೆಸರು. ಹೆಸರು ದೊಡ್ಡದು, ವಿಷಯ ಸಿಂಪಲ್: ಒಳಗೆ ಕಟ್ಕೊಂಡಿದ್ದ ಟೆನ್ಷನ್ನೋ ಖುಷಿನೋ ಒಂದೇ ಸಲ ಕಾಲಿಗೆ ಇಳಿದು ಹೊರಗೆ ಬರೋದು. ಹತ್ತು ನಿಮಿಷ ಒದ್ದೆಯಾಗಿ ಒಂದೇ ಕಡೆ ನಿಲ್ಲಿಸಿದ್ರೆ, ಇಡೀ ದಿನ ಒಳಗೇ ಕೂಡಿಹಾಕಿ ಸಂಜೆ ಬಿಟ್ರೆ, ಅಥವಾ ನೀವು ಮನೆಗೆ ಬಂದ ತಕ್ಷಣ, ಇನ್ನೂ ವಿಚಿತ್ರ ಅಂದ್ರೆ ಕಕ್ಕಸು ಮಾಡಿದ ಮರುಕ್ಷಣ, ಸ್ಪ್ರಿಂಗ್ ಬಿಟ್ಟಂಗೆ ಹಾರ್ಕೊಂಡು ಹೋಗತ್ತೆ. ಮರಿಗಳಲ್ಲಿ ಜಾಸ್ತಿ, ವಯಸ್ಸಾದ್ಮೇಲೆ ಕಮ್ಮಿ. ಅಟ್ಟಿಸ್ಕೊಂಡು ಹೋಗ್ಬೇಡಿ, ಹೋದ್ರೆ ಅದನ್ನ ಆಟ ಅಂದ್ಕೊಂಡು ಇನ್ನೂ ಎರಡು ರೌಂಡ್ ಜಾಸ್ತಿ ಓಡತ್ತೆ.

ಆದ್ರೆ ಆ ಓಟಕ್ಕೂ ಮುಂಚೆ, ನಮ್ಮೆಲ್ರಿಗೂ ನೀರು ಎರಚಿ ಮೈ ಒದರತ್ತಲ್ಲ, ನನಗೆ ಅದೇ ಜಾಸ್ತಿ ಇಷ್ಟ. 2012ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನವರು ಇದನ್ನ ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದ್ರು, ಇಲಿಯಿಂದ ಕರಡಿವರೆಗೆ ಒದ್ದೆಯಾದ ಪ್ರಾಣಿಗಳನ್ನೆಲ್ಲ ನೋಡಿದ್ರು. ಲ್ಯಾಬ್ರಡಾರ್ ಒಂದು ಸೆಕೆಂಡಿಗೆ ನಾಲ್ಕೈದು ಸಲ ಮೈ ಒದರತ್ತೆ, ಚಿಕ್ಕ ಇಲಿ ಸುಮಾರು 30 ಸಲ, ಯಾಕಂದ್ರೆ ಮೈ ಚಿಕ್ಕದಾದಷ್ಟೂ ನೀರನ್ನ ಕಿತ್ತು ಎಸೆಯೋಕೆ ಜಾಸ್ತಿ ಸ್ಪೀಡ್ ಬೇಕು. ನಾಯಿಯ ಬೆನ್ನೆಲುಬು ಆ ಕಡೆ ಈ ಕಡೆ ಒಂದು 30 ಡಿಗ್ರಿ ತಿರುಗಿದ್ರೆ, ಮೇಲಿನ ಸಡಿಲ ಚರ್ಮ 90 ಡಿಗ್ರಿವರೆಗೂ ತಿರುಗತ್ತಂತೆ, ಅದಕ್ಕೇ ಫೋಟೋದಲ್ಲಿ ಅದರ ಮುಖ ಅಷ್ಟು ಭಯಂಕರವಾಗಿ ಬರೋದು. ಕೆಲವೇ ಸೆಕೆಂಡಲ್ಲಿ ಮೈಮೇಲಿನ ಸುಮಾರು 70% ನೀರು ಹೊರಗೆ. ತುಪ್ಪಳ ಒದ್ದೆಯಾಗೇ ಉಳಿದ್ರೆ ಚಳೀಲಿ ಮೈಬಿಸಿ ಎಲ್ಲ ಅದನ್ನ ಒಣಗಿಸೋಕೇ ಖರ್ಚಾಗಿಬಿಡತ್ತೆ, ಕಾಡು ಪ್ರಾಣಿಗೆ ಅದು ಸಾಯೋ ಬದುಕೋ ಲೆಕ್ಕ. ನಾವು ಟವೆಲ್ ಹಿಡ್ಕೊಂಡು ನಿಂತಿದೀವಿ ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು.

ನಾಯಿ ಸಾಕಿದ ಇಷ್ಟು ವರ್ಷದಲ್ಲಿ ನನಗೆ ಅರ್ಥ ಆಗಿರೋದು ಏನಂದ್ರೆ, ನಮಗೆ ಯಾವುದು ಶುದ್ಧ ಹುಚ್ಚಾಟ ಅನ್ಸತ್ತೋ ಅಲ್ಲಿ ನಾಯಿ ಮಹಾ ಸೀರಿಯಸ್ಸಾಗಿರತ್ತೆ, ಯಾವುದು ಥೇಟ್ ಮನುಷ್ಯರ ಥರ ಇದೆ ಅಂತ ನಾವು ಕರಗಿ ಹೋಗ್ತೀವೋ ಅಲ್ಲೇ ನಾವು ಬೇಸ್ತು ಬಿದ್ದಿರ್ತೀವಿ. ಕಕ್ಕಸಿನಿಂದಲೇ ಶುರು ಮಾಡೋಣ, ನಾಯಿ ಸಾಕಿದೋರಿಗೆ ಇದರಲ್ಲೆಲ್ಲ ನಾಚಿಕೆ ಉಳಿದಿರಲ್ಲ.

ವಾಕಿಂಗ್ ಕರ್ಕೊಂಡು ಹೋಗಿರ್ತೀರಿ, ಆಫೀಸಿಗೆ ಲೇಟಾಗಿದೆ, ಇದು ನೋಡಿದ್ರೆ ಒಂದು ಜಾಗ ಮೂಸತ್ತೆ, ಬೇಡ, ಇನ್ನೊಂದು ಜಾಗ, ಅದೂ ಬೇಡ, ಆಮೇಲೆ ಒಂದು ಕಡೆ ನಿಂತು ಗಡಿಯಾರದ ಮುಳ್ಳಿನ ಹಂಗೆ ಸುತ್ತತ್ತೆ, ಇನ್ನೇನು ಕೂತ್ಕೊಳ್ಳತ್ತೆ ಅನ್ನೋವಾಗ ಯಾವುದೋ ಬೈಕ್ ಸದ್ದಾಗಿ ಎಲ್ಲ ಮೊದಲಿಂದ. ಈ ಸುತ್ತೋದರ ಬಗ್ಗೆ ಜೆಕ್ ಮತ್ತೆ ಜರ್ಮನ್ ಸಂಶೋಧಕರು ಎರಡು ವರ್ಷ ಕೂತು ಲೆಕ್ಕ ಹಾಕಿದಾರೆ, ತಮಾಷೆ ಅಲ್ಲ. 37 ತಳಿಯ 70 ನಾಯಿಗಳು, 1,893 ಸಲ ಕಕ್ಕಸು, 5,582 ಸಲ ಉಚ್ಚೆ, ಪ್ರತಿ ಸಲನೂ ನಾಯಿ ಯಾವ ದಿಕ್ಕಿಗೆ ನಿಂತಿತ್ತು ಅಂತ ಬರ್ಕೊಂಡಿದಾರೆ. ಭೂಮಿಯ ಅಯಸ್ಕಾಂತ ಕ್ಷೇತ್ರ ಶಾಂತವಾಗಿದ್ದಾಗ ನಾಯಿಗಳು ಮೈಯನ್ನ ಉತ್ತರ ದಕ್ಷಿಣಕ್ಕೆ ಹೊಂದಿಸ್ಕೊಳ್ಳೋ ಕಡೆ ವಾಲ್ತವೆ, ಕ್ಷೇತ್ರ ಅಲ್ಲಾಡ್ತಿದ್ದಾಗ ಆ ಒಲವು ಕಾಣಲ್ಲ, ಅನ್ನೋದು 2013ರಲ್ಲಿ ಅವರು ಪ್ರಕಟಿಸಿದ್ದು. ಮುಂದಿನ ವರ್ಷ ಇವರಿಗೆ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚ್ನೆಗೆ ಹಚ್ಚೋ ಸಂಶೋಧನೆಗೆ ಕೊಡೋ ಪ್ರಶಸ್ತಿ ಅದು. ನಾನೂ ಫೋನಲ್ಲಿ ದಿಕ್ಸೂಚಿ ಆನ್ ಮಾಡ್ಕೊಂಡು ಒಂದು ವಾರ ಗುಂಡನ ಹಿಂದೆ ನಿಂತೆ, ಅವ್ನು ಹೆಚ್ಚಿಗೆ ಪೊದೆ ಕಡೆಗೇ ಮುಖ ಮಾಡ್ದ, ದಾರೀಲಿ ಹೋಗೋರು ನನ್ನ ಕಡೆ ನೋಡಿದ ರೀತಿ ಬೇರೆ ವಿಷ್ಯ. ಸುತ್ತೋದಕ್ಕೆ ಅಯಸ್ಕಾಂತ ಒಂದೇ ಕಾರಣ ಅಂತ ನನಗೂ ಅನ್ಸಲ್ಲ, ಕೂತಾಗ ಓಡೋಕಾಗಲ್ಲ ಅನ್ನೋ ಪ್ರಾಣಿ ಮೊದಲು ಸುತ್ತಮುತ್ತ ನೋಡ್ಕೊಳ್ಳೋದು, ಹುಲ್ಲು ತುಳಿದು ಜಾಗ ಮಾಡ್ಕೊಳ್ಳೋದು, ಇಲ್ಲಿ ಯಾರ ವಾಸನೆ ಇದೆ ಅಂತ ಚೆಕ್ ಮಾಡೋದು, ಎಲ್ಲ ಅದರಲ್ಲಿ ಸೇರಿರತ್ತೆ. ಎಷ್ಟೋ ನಾಯಿ ಆ ಹೊತ್ತಲ್ಲಿ ನಿಮ್ಮ ಕಣ್ಣನ್ನೇ ದಿಟ್ಟಿಸಿ ನೋಡ್ತವೆ, ಅದೂ ಇದೇ ಲೆಕ್ಕ ಅಂತ ಹೇಳೋರಿದಾರೆ, ನೀವು ಕಾವಲು ಕಾಯ್ತಿದೀರಿ ತಾನೆ ಅಂತ.

ಮುಗಿದ್ಮೇಲೆ ಹಿಂಗಾಲಲ್ಲಿ ಪರಪರ ಅಂತ ಮಣ್ಣು ಕೆರೆದು ಹಿಂದಕ್ಕೆ ಎಸೆಯತ್ತೆ. ಸಂಭಾವಿತ ನಾಯಿ, ಮುಚ್ಚಿ ಬರ್ತಿದೆ ಅಂದ್ಕೋತೀವಿ. ಒಂದ್ಸಲ ಸರಿಯಾಗಿ ನೋಡಿ, ಮಣ್ಣು ಬೀಳೋದು ಎಲ್ಲೆಲ್ಲೋ, ಮುಚ್ಚಬೇಕಾದ್ದೊಂದು ಬಿಟ್ಟು. ಅದು ಮುಚ್ತಿಲ್ಲ, ಬೋರ್ಡ್ ಹಾಕ್ತಿದೆ. ಪಾದದ ಬೆರಳುಗಳ ಮಧ್ಯೆ ವಾಸನೆ ಬಿಡೋ ಗ್ರಂಥಿಗಳಿವೆ, ಕೆರೆದಾಗ ಆ ವಾಸನೆ ನೆಲಕ್ಕೆ ಹತ್ತತ್ತೆ, ಜೊತೆಗೆ ಗೀಚಿದ ಗುರುತು ಬೇರೆ ಕಣ್ಣಿಗೆ ಕಾಣತ್ತೆ, ಇಲ್ಲಿ ಇಂಥವನು ಬಂದಿದ್ದ ಅಂತ ಮುಂದೆ ಬರೋ ನಾಯಿಗೆಲ್ಲ ನೋಟಿಸು. ಕಾಲೆತ್ತೋದೂ ಹಂಗೇ. ಕಂಬದ ಮೇಲೆ ಎತ್ತರದಲ್ಲಿ ಬಿದ್ದ ಉಚ್ಚೆ ದೊಡ್ಡ ನಾಯಿಯದ್ದು ಅಂತ ಅರ್ಥ, ಆದ್ರೆ ಇಲ್ಲೂ ಮೋಸ ಮಾಡೋರಿದಾರೆ. ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯವರು ಗಂಡು ನಾಯಿಗಳು ಕಾಲೆತ್ತೋ ಕೋನನ ಅಳೆದು 2018ರಲ್ಲಿ ಬರೆದಿದ್ದು ಏನಂದ್ರೆ, ಚಿಕ್ಕ ನಾಯಿಗಳು ತಮ್ಮ ಮೈಗೆ ಹೋಲಿಸಿದ್ರೆ ಕಾಲನ್ನ ಜಾಸ್ತಿ ಮೇಲಕ್ಕೆ ಎತ್ತತವೆ, ಬಹುಶಃ ಇದ್ದದ್ದಕ್ಕಿಂತ ದೊಡ್ಡ ಆಸಾಮಿ ಅನ್ನಿಸ್ಕೊಳ್ಳೋಕೆ. ಕೆಲವು ಪುಟಾಣಿ ನಾಯಿಗಳು ಮುಂಗಾಲ ಮೇಲೆ ಸರ್ಕಸ್ ಮಾಡಿ ನಿಂತು ಹುಯ್ಯೋದನ್ನ ನಾನೇ ಕಣ್ಣಾರೆ ನೋಡಿದೀನಿ. ಬಯೋಡೇಟಾದಲ್ಲಿ ಒಂದೆರಡು ಸುಳ್ಳು ಸೇರಿಸೋ ನಾವು ಇದಕ್ಕೆ ನಗೋ ಹಂಗಿಲ್ಲ.

ಇದೆಲ್ಲ ಅರ್ಥ ಆಗ್ಬೇಕಂದ್ರೆ ಮೂಗಿನ ಹತ್ರ ಬರ್ಲೇಬೇಕು. ನಾಯಿ ಮೂಗಲ್ಲಿ ವಾಸನೆ ಹಿಡಿಯೋ ಕೋಶಗಳು ಹತ್ತಾರು ಕೋಟಿ ಇವೆ, ನಮ್ಮದು ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಅದರ ಮೂಗಿನ ತುದಿನ ಹತ್ತಿರದಿಂದ ನೋಡಿ, ಎರಡೂ ಪಕ್ಕದಲ್ಲಿ ಅರ್ಧ ಚಂದ್ರನ ಥರ ಒಂದೊಂದು ಸೀಳು ಇರತ್ತೆ. ಉಸಿರು ಒಳಗೆ ಎಳ್ಕೊಳ್ಳೋದು ಮುಂದಿನ ರಂಧ್ರದಿಂದ, ಬಿಡೋದು ಈ ಪಕ್ಕದ ಸೀಳಿಂದ, ಹಿಂಗಾಗಿ ಹೊರಗೆ ಹೋಗೋ ಗಾಳಿ ಮುಂದಿರೋ ವಾಸನೆನ ಊದಿ ಹಾಳು ಮಾಡಲ್ಲ, ಮೂಸ್ತಾ ಮೂಸ್ತಾನೇ ಇರ್ಬಹುದು. ಇದು ಸಾಲದು ಅಂತ ಬಾಯಿಯ ಅಂಗುಳದಲ್ಲಿ, ಮುಂದಿನ ಹಲ್ಲುಗಳ ಹಿಂದೆ, ಜೇಕಬ್‌ಸನ್ ಅಂಗ ಅಂತ ಇನ್ನೊಂದು ವ್ಯವಸ್ಥೆ, ಅದು ಇನ್ನೊಂದು ನಾಯಿ ಬಿಟ್ಟ ಒದ್ದೆ ಒದ್ದೆ ಸಂದೇಶಗಳನ್ನ ಓದೋಕೆ ಅಂತಲೇ ಇರೋದು. ಕೆಲವು ನಾಯಿ ಹುಲ್ಲಲ್ಲಿ ಏನೋ ನೆಕ್ಕಿ ಆಮೇಲೆ ಚಳಿ ಹಿಡ್ದಂಗೆ ಹಲ್ಲು ಕಟಕಟ ಅನ್ನಿಸ್ತಾವಲ್ಲ, ಆಗ ಈ ಅಂಗಕ್ಕೆ ಸಪ್ಲೈ ಆಗ್ತಿರತ್ತೆ.

ಇನ್ನು ಒಂದರ ಹಿಂಭಾಗ ಇನ್ನೊಂದು ಮೂಸೋದು. ಗುದದ್ವಾರದ ಎರಡೂ ಪಕ್ಕ ಒಂದೊಂದು ಪುಟ್ಟ ಚೀಲ ಇದೆ, ಅದರ ವಾಸನೆ ಒಂದೊಂದು ನಾಯಿಗೆ ಒಂದೊಂದು ಥರ. ಗಂಡೋ ಹೆಣ್ಣೋ, ಮುಂಚೆ ಪರಿಚಯ ಇದ್ದದ್ದೋ ಹೊಸದೋ, ಎಲ್ಲ ಅಲ್ಲೇ ಗೊತ್ತಾಗಿಬಿಡತ್ತೆ, ಹೆಸರು ಕೇಳಿ ಕೈಕುಲುಕಿ ಹೆಂಗಿದೀರಿ ಅನ್ನೋ ಔಪಚಾರಿಕತೆ ಏನೂ ಬೇಕಾಗಿಲ್ಲ. ಈ ಅಭ್ಯಾಸ ಎಷ್ಟು ಗಟ್ಟಿ ಅನ್ನೋದಕ್ಕೆ 2014ರ ಒಂದು ಪ್ರಯೋಗ ಹೇಳ್ಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ 36 ನಾಯಿಗಳ ಮುಂದೆ ಅವುಗಳ ಮಾಲೀಕರು ಬೊಗಳೋ ಬಾಲ ಅಲ್ಲಾಡ್ಸೋ ಒಂದು ಬೊಂಬೆ ನಾಯಿನ ಮುದ್ದು ಮಾಡಿದ್ರು, ಇನ್ನೊಂದ್ಸಲ ಒಂದು ಬಕೆಟ್ಟನ್ನ ಮುದ್ದು ಮಾಡಿದ್ರು, ಮತ್ತೊಂದ್ಸಲ ಮಕ್ಕಳ ಪುಸ್ತಕ ಜೋರಾಗಿ ಓದಿದ್ರು. ಬೊಂಬೆ ನಾಯಿ ಮುದ್ದು ಮಾಡುವಾಗ 78% ನಾಯಿಗಳು ಮೂತಿ ತೂರಿಸಿ ಮಾಲೀಕರನ್ನ ತಳ್ಳಿದ್ವು, ಬಕೆಟ್ ಆದಾಗ 42%, ಪುಸ್ತಕ ಓದುವಾಗ 22% ಮಾತ್ರ. ಅಸೂಯೆ ನಾಯಿಗೂ ಇದೆ ಅನ್ನೋದಕ್ಕೆ ಎಲ್ರೂ ಇದನ್ನ ಹೇಳ್ತಾರೆ, ನನಗೆ ನಗು ಬರ್ಸಿದ್ದು ಬೇರೆ ಅಂಕಿ: 86% ನಾಯಿಗಳು ಆ ಬೊಂಬೆಯ ಕುಂಡಿನ ಹೋಗಿ ಮೂಸಿ ನೋಡಿದ್ವು. ಹತ್ತಿ ತುಂಬಿದ ಬೊಂಬೆ ಸಾರ್, ಆದ್ರೂ ಐಡಿ ಕಾರ್ಡ್ ಚೆಕ್ ಮಾಡದೆ ಬಿಡೋ ಹಂಗಿಲ್ಲ.

ಸಾಕ್ಸ್ ಕದಿಯೋದು ಸಹ ಮೂಗಿನ ಕೇಸೇ. ಒಗೆದು ಮಡಚಿಟ್ಟಿರೋ ಜೋಡಿನ ಯಾವ ನಾಯಿಯೂ ಮುಟ್ಟಲ್ಲ, ದಿನವಿಡೀ ಹಾಕ್ಕೊಂಡು ಕಳಚಿ ಎಸೆದಿದ್ದೇ ಬೇಕು, ಒಳಉಡುಪು ಸಿಕ್ರಂತೂ ಮನೆಗೆ ನೆಂಟರು ಬಂದಾಗ ನಡುಮನೆಗೇ ತಂದಿಡತ್ತೆ. ಅಟ್ಲಾಂಟಾದ ಎಮರಿ ಯೂನಿವರ್ಸಿಟಿಯಲ್ಲಿ ನಾಯಿಗಳಿಗೆ ಎಂಆರ್‌ಐ ಮೆಷಿನ್ ಒಳಗೆ ಅಲ್ಲಾಡದೆ ಮಲಗೋಕೆ ಟ್ರೈನಿಂಗ್ ಕೊಟ್ಟು, ಬೇರೆ ಬೇರೆ ವಾಸನೆ ತೋರ್ಸಿದ್ರು. ಪರಿಚಯದ ಮನುಷ್ಯರ ವಾಸನೆ ಬಂದಾಗ ಮೆದುಳಿನ ಕಾಡೇಟ್ ಅನ್ನೋ ಭಾಗ, ಅಂದ್ರೆ ಒಳ್ಳೇದೇನೋ ಸಿಗತ್ತೆ ಅನ್ನೋವಾಗ ಚುರುಕಾಗೋ ಭಾಗ, ಉಳಿದೆಲ್ಲಕ್ಕಿಂತ ಜಾಸ್ತಿ ಎದ್ದು ಕಾಣ್ತು, ಆ ಮನುಷ್ಯರು ಅಲ್ಲಿ ಇಲ್ಲದಿದ್ರೂ. ನಿಮ್ಮ ಕೊಳಕು ಸಾಕ್ಸು ಅದಕ್ಕೆ ನೀವೇ. ಜೊತೆಗೆ ಎತ್ಕೊಂಡು ಓಡಿದ್ರೆ ಇಡೀ ಮನೆ ಹಿಂದೆ ಓಡಿ ಬರತ್ತೆ ಅಂತಲೂ ಅದಕ್ಕೆ ಗೊತ್ತು.

ಸತ್ತ ಮೀನೋ ಇನ್ನೇನೋ ಕೊಳೆತಿದ್ದು ಸಿಕ್ರೆ ಕುತ್ತಿಗೆ ಒತ್ತಿ ಹೊರಳಾಡೋದು ತೋಳಗಳಿಂದ ಬಂದಿದ್ದು, ತೋಳಗಳೂ ಹಿಂಗೇ ಮಾಡ್ತವೆ. ತನ್ನ ವಾಸನೆ ಮರೆಮಾಚಿ ಬೇಟೆಗೆ ಹೋಗೋಕೆ ಅಂತ ಒಂದು ವಾದ, ಏನು ಸಿಕ್ತು ಅನ್ನೋ ಸುದ್ದಿನ ಮೈಮೇಲೆ ಹೊತ್ಕೊಂಡು ಗುಂಪಿಗೆ ತರೋಕೆ ಅಂತ ಇನ್ನೊಂದು. ನನಗೆ ಎರಡನೇದು ಒಪ್ಪಿಗೆ, ಗುಂಡ ಹಂಗೆ ಮಾಡ್ಕೊಂಡು ಬಂದಾಗ ಅವ್ನ ಮುಖದಲ್ಲಿರೋ ಹೆಮ್ಮೆ ನೋಡಿದ್ರೆ ಸುದ್ದಿ ತಂದಿದಾನೆ ಅಂತಲೇ ಅನ್ಸತ್ತೆ.

ಹುಲ್ಲು ತಿನ್ನೋದು ಹೊಟ್ಟೆ ಕೆಟ್ಟಾಗ ಮಾಡ್ಕೊಳ್ಳೋ ಔಷಧ ಅಂತ ಎಲ್ರೂ ಹೇಳ್ತಾರಲ್ಲ, ಅದು ಅಷ್ಟು ಸರಿಯಿಲ್ಲ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಡೇವಿಸ್ ಕ್ಯಾಂಪಸ್‌ನವರು 1,500ಕ್ಕೂ ಹೆಚ್ಚು ಮಾಲೀಕರನ್ನ ಕೇಳಿದಾಗ, 68% ನಾಯಿಗಳು ದಿನಾನೋ ವಾರಕ್ಕೊಂದ್ಸಲನೋ ಹುಲ್ಲು ತಿಂತಿದ್ವು, ತಿನ್ನೋಕೆ ಮುಂಚೆ ಹುಷಾರಿಲ್ಲದಂಗೆ ಕಾಣ್ತಿದ್ದಿದ್ದು ನೂರಕ್ಕೆ ಹತ್ತಕ್ಕಿಂತ ಕಮ್ಮಿ, ತಿಂದ್ಮೇಲೆ ವಾಂತಿ ಮಾಡ್ತಿದ್ದಿದ್ದು ಸುಮಾರು 22%. ಅಂದ್ರೆ ಬಹುಪಾಲು ನಾಯಿ ತಿನ್ಬೇಕು ಅನ್ಸಿ ತಿಂತವೆ, ಕತೆ ಮುಗೀತು. ಇನ್ನು ಅದಕ್ಕಿಂತ ಅಸಹ್ಯವಾದ್ದು, ಇನ್ನೊಂದು ನಾಯಿಯ ಕಕ್ಕಸು ತಿನ್ನೋದು, ಅದೇ ಕ್ಯಾಂಪಸ್‌ನವರ 2018ರ ಸರ್ವೇ ಪ್ರಕಾರ ಸುಮಾರು 16% ನಾಯಿಗಳಿಗೆ ಇದು ಪದೇ ಪದೇ ಮಾಡೋ ಅಭ್ಯಾಸ, ಅದರಲ್ಲೂ 90%ಕ್ಕಿಂತ ಹೆಚ್ಚು ಒಂದೆರಡು ದಿನದೊಳಗಿನ ತಾಜಾ ಮಾಲನ್ನೇ ಆರಿಸ್ತವೆ. ಹಿಂದೆ ಒಂದು ಲಾಜಿಕ್ ಇದೆ ಅಂತಾರೆ: ಕಕ್ಕಸಿನಲ್ಲಿರೋ ಹುಳದ ಮೊಟ್ಟೆಗಳು ರೋಗ ಹತ್ತಿಸೋ ಹಂತಕ್ಕೆ ಬರೋಕೆ ಒಂದೆರಡು ದಿನ ಬೇಕು, ಗುಹೆ ಹತ್ರ ಯಾವುದೋ ಸುಸ್ತಾದ ತೋಳ ಗಲೀಜು ಮಾಡಿದ್ರೆ ಅಷ್ಟರೊಳಗೆ ಖಾಲಿ ಮಾಡಿದ್ರೆ ಇಡೀ ಗುಂಪಿಗೆ ಒಳ್ಳೇದು. ಮನೆ ಕ್ಲೀನಿಂಗೇ ಅನ್ನಿ. ಇದನ್ನ ಓದಿದ್ಮೇಲೂ ಮುಖ ನೆಕ್ಕಿಸ್ಕೊಳ್ಳೋದು ಬಿಡೋದು ನಿಮ್ಮಿಷ್ಟ.

ಹೊಟ್ಟೆ ಪಕ್ಕ ಒಂದು ಜಾಗ ಇದೆ ನೋಡಿ, ಅಲ್ಲಿ ಕೆರೆದ್ರೆ ಹಿಂಗಾಲು ಸೈಕಲ್ ತುಳಿದಂಗೆ ತಾನೇ ತಾನಾಗಿ ಒದ್ಕೊಳ್ಳತ್ತೆ. ಎಲ್ಲ ಮನೇಲೂ ಇದನ್ನ ಕಂಡುಹಿಡಿದೋರು ಒಬ್ರು ಇರ್ತಾರೆ, ಬಂದೋರಿಗೆಲ್ಲ ಡೆಮೋ ಕೊಡ್ತಾರೆ. ನಾಯಿಗೆ ಕಚಗುಳಿ ಆಗಿ ಖುಷಿಗೆ ಮಾಡ್ತಿದೆ ಅಂದ್ಕೊಂಡಿರ್ತೀವಿ, ನಿಜ ಹೇಳ್ಬೇಕಂದ್ರೆ ಕಾಲು ಒದೆಯೋ ಆರ್ಡರ್ ಮೆದುಳಿಗೆ ಹೋಗಿ ಬರೋದೇ ಇಲ್ಲ. ಬ್ರಿಟನ್ನಿನ ನರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ ನೂರು ವರ್ಷಕ್ಕೂ ಹಿಂದೆ ಇದನ್ನೇ ವರ್ಷಗಟ್ಲೆ ಅಧ್ಯಯನ ಮಾಡಿದ್ರು, 1906ರಲ್ಲಿ ಬರೆದ್ರು. ಬೆನ್ನಿನ ಮೇಲೆ ಜೀನು ಹಾಕಿದ ಹಂಗೆ ಎರಡೂ ಪಕ್ಕಕ್ಕೆ ಇಳಿಯೋ ಒಂದು ಪ್ರದೇಶ ಇದೆ, ಅಲ್ಲಿ ಏನಾದ್ರೂ ಹರಿದಾಡಿದಂಗೆ ಆದ್ರೆ ಸುದ್ದಿ ಬೆನ್ನುಹುರಿಗೆ ಹೋಗಿ, ಅಲ್ಲಿಂದಲೇ ಆ ಕಡೆ ಕಾಲಿಗೆ ಕೆರೆ ಅಂತ ಆದೇಶ ಬರತ್ತೆ. ಮೆದುಳಿನ ಸಂಪರ್ಕ ಕಡಿದ್ರೂ ಕಾಲು ಆಡ್ತಿತ್ತು, ಅವರು ಅದಕ್ಕೆ ಕರೆಂಟಿನ ಚಿಗಟ ಅಂತ ಒಂದು ಸೂಜಿನೂ ಮಾಡ್ಕೊಂಡಿದ್ರು. ಪಾಪದ ಪ್ರಯೋಗ, ಇವತ್ತಾಗಿದ್ರೆ ನಮಗೆ ಒಪ್ಪೋಕೆ ಕಷ್ಟ, ಆದ್ರೆ ನರಗಳು ಹೆಂಗೆ ಒಂದಕ್ಕೊಂದು ಮಾತಾಡ್ತವೆ ಅನ್ನೋ ತಿಳುವಳಿಕೆಯ ದೊಡ್ಡ ಭಾಗ ಅಲ್ಲಿಂದ ಬಂತು, 1932ರಲ್ಲಿ ನೊಬೆಲ್ಲೂ ಬಂತು. ಈಗ್ಲೂ ಬೆನ್ನುಹುರಿಗೆ ಪೆಟ್ಟಾಗಿದೆಯಾ ಅಂತ ನೋಡುವಾಗ ಡಾಕ್ಟ್ರು ಇಂಥ ರಿಫ್ಲೆಕ್ಸ್‌ಗಳನ್ನ ಗಮನಿಸ್ತಾರೆ. ಚಿಗಟ ಕಚ್ಚಿದ್ರೆ ನಿದ್ದೇಲೂ ಕೆರ್ಕೊಳ್ಳೋಕೆ ಆಗ್ಬೇಕು, ಅಷ್ಟಕ್ಕೇ ಈ ವ್ಯವಸ್ಥೆ. ನಿಮ್ಮ ಬೆರಳನ್ನ ಆ ಬೆನ್ನುಹುರಿ ದೊಡ್ಡದೊಂದು ಚಿಗಟ ಅಂತ ನಂಬಿದೆ.

ಈಗ ಎಲ್ರಿಗೂ ಪ್ರೀತಿಯ ಟಾಪಿಕ್. ಮನೆಗೆ ಬರ್ತೀರಿ, ದಿಂಬು ಹರಿದು ಹತ್ತಿ ಹಾರಾಡ್ತಿದೆ, ನಾಯಿ ಮೂಲೇಲಿ ಕಿವಿ ಇಳಿಬಿಟ್ಕೊಂಡು, ಕಣ್ಣು ಬೇರೆ ಕಡೆ ತಿರುಗಿಸ್ಕೊಂಡು, ಬಾಲದ ತುದಿ ಮಾತ್ರ ನೆಲಕ್ಕೆ ಟಪ್ ಟಪ್ ಅನ್ನಿಸ್ತಾ ಕೂತಿದೆ. ನೋಡಿ ನೋಡಿ, ಮಾಡಿದ ತಪ್ಪು ಗೊತ್ತಿದೆ ಅದಕ್ಕೆ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ನಾವು ವಿಡಿಯೋ ಮಾಡಿ ಹಾಕ್ತೀವಿ. ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನ 14 ನಾಯಿಗಳ ಜೊತೆ ಪರೀಕ್ಷೆ ಮಾಡಿದ್ರು, ಫಲಿತಾಂಶ 2009ರಲ್ಲಿ ಬಂತು. ಮಾಲೀಕರು ಒಂದು ತಿಂಡಿ ತೋರ್ಸಿ ಮುಟ್ಬೇಡ ಅಂತ ಹೇಳಿ ಹೊರಗೆ ಹೋಗ್ತಾರೆ. ಒಳಗೆ ಪ್ರಯೋಗ ಮಾಡೋರು ಕೆಲವು ಸಲ ಆ ತಿಂಡಿನ ತಾವೇ ನಾಯಿಗೆ ತಿನ್ಸಿಬಿಡ್ತಾರೆ, ಕೆಲವು ಸಲ ತೆಗೆದಿಡ್ತಾರೆ. ಆಮೇಲೆ ಮಾಲೀಕರಿಗೆ ನಾಯಿ ತಿಂತು ಅಂತಲೋ ತಿನ್ಲಿಲ್ಲ ಅಂತಲೋ ಹೇಳೋದು, ಅದೂ ಕೆಲವು ಸಲ ನಿಜ, ಕೆಲವು ಸಲ ಸುಳ್ಳು. ತಿಂತು ಅಂದ್ರೆ ಮಾಲೀಕರು ಬೈತಾರೆ, ಇಲ್ಲ ಅಂದ್ರೆ ಮುದ್ದು ಮಾಡ್ತಾರೆ.

ಆ ಪೆಚ್ಚುಮೋರೆ ಬಂದಿದ್ದು ಯಾವಾಗ ಗೊತ್ತಾ? ಬೈದಾಗ. ತಿಂದಿತ್ತೋ ಇಲ್ವೋ ಅನ್ನೋದಕ್ಕೂ ಮುಖಕ್ಕೂ ಸಂಬಂಧನೇ ಇರ್ಲಿಲ್ಲ. ಅಷ್ಟೇ ಅಲ್ಲ, ಏನೂ ತಿನ್ನದೆ ಸುಮ್ನೆ ಬೈಸ್ಕೊಂಡ ನಾಯಿಗಳ ಮುಖದಲ್ಲೇ ಅದು ಎಲ್ಲರಿಗಿಂತ ಜೋರಾಗಿ ಕಾಣ್ತು. ಅಂದ್ರೆ ಕುಂಬಳಕಾಯಿ ಮುಟ್ಟದೇ ಇರೋನೇ ಮೊದಲು ಹೆಗಲು ಮುಟ್ಕೊಳ್ತಾನೆ. ತಗ್ಗಿದ ಮೈ, ತಿರುಗಿಸಿದ ಕಣ್ಣು, ಮೂಗು ನೆಕ್ಕೋದು, ಇವೆಲ್ಲ ದಯವಿಟ್ಟು ಜಗಳ ಬೇಡ ಅಂತ ನಾಯಿಗಳು ಒಂದಕ್ಕೊಂದು ಹೇಳ್ಕೊಳ್ಳೋ ಮಾತು, ಎದುರಿಗೆ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿರೋ ನಮ್ಮನ್ನ ನೋಡಿ ಅದು ಅದನ್ನೇ ಹೇಳ್ತಿರತ್ತೆ. ಆದ್ರೆ ನಾನು ಬೈಯೋಕೂ ಮುಂಚೆನೇ ಹಂಗೆ ಕೂತಿರತ್ತಲ್ಲ ಅಂತ ಕೇಳ್ತೀರಿ. ಹರಿದ ದಿಂಬು ಪ್ಲಸ್ ಮನೆಗೆ ಬಂದ ಮಾಲೀಕರು ಅಂದ್ರೆ ಮುಂದೆ ಏನಾಗತ್ತೆ ಅನ್ನೋದು ಹೋದ ಸಲ ಕಲಿತಿರತ್ತೆ, ನಿಮ್ಮ ಹೆಜ್ಜೆ ಸದ್ದು ಬದಲಾದ್ರೂ ಸಾಕು. ಒಂದ್ಸಲ ಗುಂಡನಿಗೆ ಚೆನ್ನಾಗಿ ಬೈದು ಆಮೇಲೆ ನೋಡಿದ್ರೆ, ಡಸ್ಟ್‌ಬಿನ್ ಬೀಳಿಸಿದ್ದು ಕಿಟಕಿಯಿಂದ ಬಂದ ಬೆಕ್ಕು, ಅದು ಇನ್ನೂ ಸ್ಟವ್ ಹಿಂದೆನೇ ಕೂತಿತ್ತು. ಗುಂಡ ಮಾತ್ರ ತಪ್ಪೊಪ್ಪಿಕೊಂಡ ಮುಖದಲ್ಲೇ ಇದ್ದ. ಅವತ್ತಿಂದ ನಾನು ಆ ಮುಖಕ್ಕೆ ತೀರ್ಪು ಕೊಡೋದು ಬಿಟ್ಟೆ.

ಮುಖದ ವಿಷ್ಯ ಬಂತು ಅಂತ ಹೇಳ್ತೀನಿ, ಹುಬ್ಬಿನ ಒಳತುದಿನ ಮೇಲೆತ್ತಿ ಪಾಪ ಅನ್ಸೋ ಹಂಗೆ ನೋಡತ್ತಲ್ಲ, ಅದಕ್ಕೆ ಒಂದು ಸ್ಪೆಷಲ್ ಸ್ನಾಯುನೇ ಇದೆ. 2019ರಲ್ಲಿ ಪೋರ್ಟ್ಸ್‌ಮತ್ ಯೂನಿವರ್ಸಿಟಿಯ ತಂಡ ನಾಯಿ ಮತ್ತೆ ತೋಳದ ತಲೆಗಳನ್ನ ಬಿಡಿಸಿ ನೋಡಿದಾಗ ನಾಯಿಗಳಲ್ಲಿ ಆ ಸ್ನಾಯು ಸರಿಯಾಗಿ ಬೆಳೆದಿತ್ತು, ತೋಳಗಳಲ್ಲಿ ಒಂದಿಷ್ಟು ಎಳೆ ಬಿಟ್ರೆ ಏನಿಲ್ಲ. ಕಣ್ಣು ದೊಡ್ಡದಾಗಿ, ಮಗುವಿನ ಥರ ಕಾಣೋ ಮರಿಗೆ ಮನುಷ್ಯರು ಒಂದು ತುತ್ತು ಜಾಸ್ತಿ ಹಾಕ್ತಾ ಹಾಕ್ತಾ, ಸಾವಿರಾರು ವರ್ಷದಲ್ಲಿ ಆ ಸ್ನಾಯು ಇರೋವೇ ಹೆಚ್ಚಾದ್ವು ಅಂತ ಊಹೆ. ಅದಕ್ಕೂ ಮುಂಚಿನ ಇನ್ನೊಂದು ಅಧ್ಯಯನದಲ್ಲಿ ಶೆಲ್ಟರ್‌ಗಳಲ್ಲಿ ಜಾಸ್ತಿ ಹುಬ್ಬು ಎತ್ತೋ ನಾಯಿಗಳಿಗೆ ಬೇಗ ಮನೆ ಸಿಕ್ಕಿತ್ತು, ಅದೇ ಬಾಲ ಅಲ್ಲಾಡ್ಸಿದ್ರೆ ಅಂಥ ಉಪಯೋಗ ಏನೂ ಕಾಣ್ಲಿಲ್ಲ. ನಿಮ್ಮ ತಟ್ಟೆ ಪಕ್ಕ ಕೂತು ಅದು ಹಂಗೆ ನೋಡಿದಾಗ ನೀವು ಸೋಲೋದರಲ್ಲಿ ನಿಮ್ಮ ತಪ್ಪೇನಿಲ್ಲ.

ತಲೆ ಒಂದು ಪಕ್ಕಕ್ಕೆ ವಾಲಿಸೋದು ಇನ್ನೊಂದು. ಬುಡಾಪೆಸ್ಟಿನವರು 2021ರಲ್ಲಿ ಎರಡು ಥರ ನಾಯಿಗಳನ್ನ ಹೋಲಿಸಿದ್ರು, ಗೊಂಬೆಗಳ ಹೆಸರನ್ನ ಸುಲಭವಾಗಿ ಕಲಿಯೋ ಏಳು ಜಾಣ ನಾಯಿಗಳು, ಎಷ್ಟು ಹೇಳ್ಕೊಟ್ರೂ ಕಲಿಯದ 33 ಮಾಮೂಲಿ ನಾಯಿಗಳು. ಆ ಗೊಂಬೆ ತಗೊಂಡು ಬಾ ಅಂತ ಹೆಸರು ಹೇಳಿದಾಗ ಜಾಣ ನಾಯಿಗಳು 43% ಸಲ ತಲೆ ವಾಲಿಸಿದ್ವು, ಉಳಿದವು ಬರೀ 2% ಸಲ. ಮನಸ್ಸಲ್ಲಿ ಏನೋ ಹುಡುಕ್ತಿರೋವಾಗ ಬರೋ ಭಂಗಿ ಇರ್ಬೇಕು, ನಾವು ಹೆಸರು ನೆನಪಾಗದಿದ್ದಾಗ ಸೂರು ನೋಡಲ್ವಾ ಹಂಗೆ. ಒಂದೊಂದು ನಾಯಿ ಯಾವಾಗ್ಲೂ ಒಂದೇ ಪಕ್ಕಕ್ಕೆ ವಾಲಿಸತ್ತೆ ಅನ್ನೋದೂ ಅದರಲ್ಲೇ ಗೊತ್ತಾಗಿದ್ದು, ಇವತ್ತೇ ನಿಮ್ಮದು ಯಾವ ಕಡೆ ಅಂತ ನೋಡಿ. ಗುಂಡ ಎಡಕ್ಕೆ, ಜಾಣ ಅಂತ ಮಾತ್ರ ನಾನು ಹೇಳಲ್ಲ.

ಆಕಳಿಕೆ ಬಗ್ಗೆ ಒಂದೇ ಮಾತು: ಲಂಡನ್ನಿನಲ್ಲಿ 2008ರಲ್ಲಿ 29 ನಾಯಿಗಳ ಮುಂದೆ ಒಬ್ರು ಕೂತು ಆಕಳಿಸಿದ್ರೆ 21 ನಾಯಿ ವಾಪಸ್ ಆಕಳಿಸಿದ್ವು, ಆಮೇಲಿನ ಎಲ್ಲ ಪ್ರಯೋಗದಲ್ಲೂ ಇಷ್ಟೇ ಚೆನ್ನಾಗಿ ಬರ್ಲಿಲ್ಲ. ಆದ್ರೆ ಡಾಕ್ಟ್ರ ಕ್ಲಿನಿಕ್ಕಿನಲ್ಲೋ, ಮಗು ಬಿಗಿಯಾಗಿ ತಬ್ಕೊಂಡಾಗ್ಲೋ ನಾಯಿ ಆಕಳಿಸಿದ್ರೆ ಅದು ನಿದ್ದೆ ಅಲ್ಲ, ಇರುಸುಮುರುಸು. ಮೈ ಒಣಗಿದ್ದಾಗ್ಲೂ ಮೈ ಒದರೋದು ಹಂಗೇ, ಬೇಡದ್ದೇನೋ ಮುಗೀತಪ್ಪ ಅಂತ ಕೊಡವಿಕೊಳ್ಳೋದು.

ಬಾಲ ಅಲ್ಲಾಡ್ಸಿದ್ರೆ ಖುಷಿ ಅನ್ನೋದೂ ಅರ್ಧ ಸತ್ಯ. ನಾಯಿ ಬಾಲ ಡೊಂಕು ಅಂತ ನಮಗೆ ಗೊತ್ತು, ಯಾವ ಕಡೆಗೆ ಅಂತ ಇಟಲಿಯವರು ನೋಡಿದ್ರು. 2007ರಲ್ಲಿ 30 ನಾಯಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಮಾಲೀಕರು ಕಂಡಾಗ ಬಾಲ ನಾಯಿಯ ಬಲಕ್ಕೆ ಜಾಸ್ತಿ ಬೀಸ್ತಿತ್ತು, ಗುರುತಿಲ್ಲದ ಜಬರ್ದಸ್ತ್ ನಾಯಿ ಕಂಡಾಗ ಎಡಕ್ಕೆ. ಮೆದುಳಿನ ಎಡ ಅರ್ಧ ಹತ್ತಿರ ಹೋಗೋ ಭಾವಕ್ಕೆ, ಬಲ ಅರ್ಧ ದೂರ ಸರಿಯೋ ಭಾವಕ್ಕೆ ಹೆಚ್ಚು ಕೆಲಸ ಮಾಡತ್ತೆ, ಒಂದೊಂದು ಅರ್ಧನೂ ಮೈಯ ಎದುರು ಬದಿನ ಆಡ್ಸತ್ತೆ, ಅನ್ನೋ ವಿವರಣೆ ಇದೆ. ಇನ್ನೊಂದು ನಾಯಿಗೂ ಇದು ಗೊತ್ತಾಗತ್ತೆ: ಎಡಕ್ಕೆ ಬೀಸೋ ಬಾಲದ ವಿಡಿಯೋ ನೋಡಿದ ನಾಯಿಗಳ ಎದೆಬಡಿತ ಏರಿತ್ತು ಅಂತ ಅದೇ ತಂಡ 2013ರಲ್ಲಿ ಹೇಳ್ತು. ಮನುಷ್ಯರ ಕಣ್ಣಿಗೆ ಈ ಎಡ ಬಲ ಅಷ್ಟು ಸುಲಭವಾಗಿ ಕಾಣಲ್ಲ, ನೋಡ್ಬೇಕಾದ್ದು ಬಾಲ ಎಷ್ಟು ಬಿಗಿ ಇದೆ ಅಂತ. ಸೊಂಟದಿಂದಲೇ ಇಡೀ ಹಿಂಭಾಗ ಬಳುಕ್ತಿದ್ರೆ ಆರಾಮು, ಕೋಲಿನ ಥರ ಮೇಲೆ ನಿಂತು ತುದಿ ಮಾತ್ರ ಅದುರ್ತಿದ್ರೆ ಕೈ ಚಾಚ್ಬೇಡಿ.

ರಾತ್ರಿ ಮಲಗೋಕೆ ಮುಂಚೆ ಹಾಸಿಗೆನ ಕೆರೆದು ಕೆರೆದು ಮೂರು ಸುತ್ತು ಸುತ್ತೋದು ಹುಲ್ಲು ತುಳಿದು ಗೂಡು ಮಾಡ್ಕೊಳ್ತಿದ್ದ ಕಾಲದ್ದು, ಈಗ ಅಲ್ಲಿ ನಾವು ಚೆನ್ನಾಗಿರೋ ಬೆಡ್ ಹಾಕಿದ್ರೂ ಅದನ್ನ ತುಳಿದೇ ಮಲಗತ್ತೆ. ನಿದ್ದೇಲಿ ಕನಸಿನ ಹಂತಕ್ಕೆ ಹೋದ್ಮೇಲೆ ರೆಪ್ಪೆ ಕೆಳಗೆ ಕಣ್ಣು ಓಡಾಡತ್ತೆ, ಮೀಸೆ ಅದುರತ್ತೆ, ಬಾಯಿ ಮುಚ್ಕೊಂಡೇ ವುಫ್ ವುಫ್ ಅಂತ ಚಿಕ್ಕ ಸದ್ದು, ಪಾದಗಳು ಎಲ್ಲಿಗೋ ಓಡ್ತವೆ. ಆ ಹಂತದಲ್ಲಿ ಮೆದುಳಿನ ಬುಡದಲ್ಲಿರೋ ಪಾನ್ಸ್ ಅನ್ನೋ ಭಾಗ ಮೈಯ ದೊಡ್ಡ ಸ್ನಾಯುಗಳನ್ನ ಲಾಕ್ ಮಾಡಿಟ್ಟಿರತ್ತೆ, ಇಲ್ಲಾಂದ್ರೆ ಕನಸಲ್ಲಿ ಬೆಕ್ಕು ಕಂಡ್ರೆ ಎದ್ದು ಓಡೇಬಿಡ್ತಿತ್ತು. ಮರಿಗಳಲ್ಲಿ ಆ ಲಾಕ್ ಇನ್ನೂ ಪೂರ್ತಿ ಗಟ್ಟಿಯಾಗಿರಲ್ಲ, ಮುದಿ ನಾಯಿಗಳಲ್ಲಿ ಸಡಿಲ ಆಗಿರತ್ತೆ, ಅದಕ್ಕೇ ಅವು ಜಾಸ್ತಿ ಒದ್ದಾಡೋದು. ಮುಟ್ಟಿ ಎಬ್ಬಿಸ್ಬೇಡಿ, ಗಾಬರೀಲಿ ಕಚ್ಚಿಬಿಡ್ಬಹುದು, ಎಬ್ಬಿಸ್ಲೇಬೇಕಂದ್ರೆ ದೂರದಿಂದ ಹೆಸರು ಕರೀರಿ.

ಇಷ್ಟೆಲ್ಲ ನಕ್ಕಾದ್ಮೇಲೆ, ನಗಬಾರದ ಕೆಲವಿವೆ. ತಲೆ ವಾಲಿಸಿದ್ದು ವಾಪಸ್ ನೆಟ್ಟಗಾಗ್ತಿಲ್ಲ, ನಡೆಯುವಾಗ ತೂರಾಡತ್ತೆ ಅಂದ್ರೆ ಕಿವಿ ಒಳಗೆ ಸೋಂಕೋ ಬ್ಯಾಲೆನ್ಸ್ ತೊಂದರೆನೋ ಇರ್ಬಹುದು. ಗೋಡೆಗೆ ಹಣೆ ಒತ್ಕೊಂಡು ಸುಮ್ನೆ ನಿಲ್ಲೋದು ನೋಡೋಕೆ ಕಾಮಿಡಿ, ಆದ್ರೆ ಅದು ಮೆದುಳಿಗೋ ಲಿವರಿಗೋ ಏನೋ ಆಗಿರೋದರ ಲಕ್ಷಣ, ಅವತ್ತೇ ಕರ್ಕೊಂಡು ಹೋಗಿ. ಕುಂಡಿನ ನೆಲಕ್ಕೆ ಉಜ್ಜಿ ಎಳೆಯೋದು ಪದೇ ಪದೇ ಆದ್ರೆ ಆಗ್ಲೇ ಹೇಳಿದ ಆ ಎರಡು ಚೀಲ ತುಂಬ್ಕೊಂಡಿರತ್ತೆ. ಮರಿ ತನ್ನ ಬಾಲ ತಾನೇ ಹಿಡಿಯೋಕೆ ಹೋಗೋದು ಆಟ, ದೊಡ್ಡ ನಾಯಿ ಊಟ ಕರೆದ್ರೂ ನಿಲ್ಲಿಸದೆ ಗಂಟೆಗಟ್ಲೆ ಸುತ್ತಿದ್ರೆ ಅದು ಗೀಳು. ಇನ್ನು ಕುತ್ತಿಗೆ ಚಾಚಿ ಗೊರ್ ಗೊರ್ ಅಂತ ಉಸಿರು ಒಳಕ್ಕೆ ಎಳೆಯೋ ರಿವರ್ಸ್ ಸೀನು ಇದೆಯಲ್ಲ, ಮೊದಲ ಸಲ ನೋಡಿದೋರಿಗೆ ಜೀವ ಹೋಗ್ತಿದೆ ಅನ್ಸತ್ತೆ, ಅಪರೂಪಕ್ಕೆ ಬಂದು ಅರ್ಧ ನಿಮಿಷದಲ್ಲಿ ಹೋದ್ರೆ ಏನೂ ಇಲ್ಲ.

ಇದರಲ್ಲಿ ಯಾವುದು ಕಂಡ್ರೂ ಮೊದಲು ಫೋನ್ ತೆಗೆದು ವಿಡಿಯೋ ಮಾಡ್ಕೊಳ್ಳಿ. ಮೂರು ದಿನ ರಾತ್ರಿ ಇಡೀ ಮನೆ ಎಬ್ಬಿಸಿ ಗೊರಗುಟ್ಟಿದ ಗುಂಡ, ಡಾಕ್ಟ್ರ ಟೇಬಲ್ ಹತ್ತಿದ ತಕ್ಷಣ ಹುಟ್ಟಿದಾಗಿಂದ ಒಂದ್ಸಲನೂ ಸೀನದ ನಾಯಿ ಥರ ನಿಂತ್ಕೊಂಡ, ನಾನೇ ಕುತ್ತಿಗೆ ಚಾಚಿ ಗೊರ್ ಗೊರ್ ಅಂತ ಸೌಂಡ್ ಮಾಡಿ ತೋರಿಸ್ಬೇಕಾಯ್ತು. ಅವ್ನು ತಲೆ ಎಡಕ್ಕೆ ವಾಲಿಸಿ ನೋಡ್ತಿದ್ದ.